ಕಿಟಕಿ ಪಕ್ಕದ ಊಟ

ಊಟದ ಗಾಡಿಯ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಅದು ಮೂರನೇ ಮಹಡಿಯ ಗಂಡಸರ ವಾರ್ಡಿಗೆ ಬಂತೆಂದು ತಲೆ ಎತ್ತಿ ನೋಡಬೇಕಾಗಿರಲಿಲ್ಲ. ಅಡುಗೆಮನೆಯ ಹೆಂಗಸು ಹಾಸಿಗೆಯಿಂದ ಹಾಸಿಗೆಗೆ ಹೋಗಿ, ತಟ್ಟೆಯ ಮೇಲೆ ಅಂಟಿಸಿದ ಚೀಟಿ ಓದಿ, ಹೆಸರು ಕೂಗಿ, ತಟ್ಟೆ ಇಟ್ಟು ಮುಂದೆ ಸಾಗುತ್ತಿದ್ದಳು. ಕಿಟಕಿ ಪಕ್ಕದ ಹಾಸಿಗೆಯ ಹತ್ತಿರ ಬಂದಾಗ ಮಾತ್ರ ಅವಳ ಕೂಗು ತಗ್ಗುತ್ತಿತ್ತು. ಅಲ್ಲಿ ಎರಡು ತಟ್ಟೆ ಇಳಿಸಬೇಕಿತ್ತು. ಒಂದು ಈಗ ಆ ಹಾಸಿಗೆಯಲ್ಲಿ ಮಲಗಿದ್ದ ಮುದುಕನಿಗೆ. ಇನ್ನೊಂದರ ಚೀಟಿಯ ಮೇಲಿದ್ದದ್ದು ಅವನಿಗಿಂತ ಮೊದಲು ಅಲ್ಲಿದ್ದು ಸತ್ತುಹೋದವನ ಹೆಸರು. ಅದನ್ನು ಅವಳು ಕೂಗದೆ, ಬಾಯೊಳಗೇ ಓದಿಕೊಂಡು, ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು.

ಮೊದಮೊದಲು ವಾರ್ಡಿನ ದೊಡ್ಡ ಸಿಸ್ಟರ್ ಅಡುಗೆಮನೆಗೆ ಫೋನು ಮಾಡಿ ಕೂಗಾಡಿದ್ದಳು. ಅವರದ್ದು ಒಂದೇ ಉತ್ತರ. "ಪಟ್ಟಿಯಲ್ಲಿ ಹೆಸರಿದೆ ಸಿಸ್ಟರ್, ಕಳಿಸ್ತೀವಿ. ನಾಳೆ ಒಬ್ಬ ಪೇಷಂಟ್ ಉಪವಾಸ ಇದ್ದ ಅಂತ ಆದ್ರೆ ನೀವು ಬರ್ತೀರಾ ನಮ್ಮ ಪರವಾಗಿ?"

ಪಟ್ಟಿಯಲ್ಲಿ ಹೆಸರಿತ್ತು, ಯಾಕೆಂದರೆ ಫೈಲು ಮುಗಿದಿರಲಿಲ್ಲ. ಆಸ್ಪತ್ರೆಯಲ್ಲಿ ಹೊಸ ನಿಯಮವೊಂದು ಬಂದಿತ್ತು. ರೋಗಿ ಮನೆಗೆ ಹೋದರೂ ಸರಿ, ಮೇಲೆ ಹೋದರೂ ಸರಿ, ಅವನನ್ನು ನೋಡಿಕೊಂಡ ಪ್ರತಿಯೊಬ್ಬ ಡಾಕ್ಟರೂ ತನ್ನ ಪಾಲಿನ ಪುಟ ಬರೆದು ಸಹಿ ಹಾಕುವವರೆಗೆ ಅವನ ಹೆಸರು ಕಂಪ್ಯೂಟರಿನಿಂದ ಇಳಿಯುವುದಿಲ್ಲ. ಬರೆಯುವುದಕ್ಕೆ ಮೀನಮೇಷ ಎಣಿಸುವ ಡಾಕ್ಟರುಗಳ ಬೆನ್ನು ಹತ್ತಲು ವಾರ್ಡಿನವರಿಗೂ ಒಂದು ಕಾರಣ ಇರಲಿ ಎಂದು ಆಡಳಿತದವರು ಹೂಡಿದ ಉಪಾಯ ಅದು. ಉಪಾಯ ಫಲಿಸಿತ್ತು. ಎಲ್ಲರ ಫೈಲುಗಳೂ ವಾರದೊಳಗೆ ಮುಗಿಯತೊಡಗಿದವು. ಉಳಿದದ್ದು ಇದೊಂದು.

ಈ ಫೈಲಿನಲ್ಲಿ ಬಾಕಿ ಇದ್ದದ್ದು ಅರಿವಳಿಕೆ ಡಾಕ್ಟರ ಪುಟ. ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸಿ, ಮುಗಿದ ಮೇಲೆ ಎಬ್ಬಿಸುವುದು ಅವನ ಕೆಲಸ. ಆಸ್ಪತ್ರೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಿದ್ದೆ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಹೆಚ್ಚು ಮಾತಾಡುವವನಲ್ಲ. ದಿನವಿಡೀ ಮಲಗಿರುವವರ ಜೊತೆ ಇದ್ದೂ ಇದ್ದೂ ಮಾತು ಮರೆತುಹೋಗಿದೆ ಎಂದು ಸರ್ಜನ್ನು ಅವನನ್ನು ಛೇಡಿಸುತ್ತಿದ್ದ.

ನಿದ್ದೆ ಡಾಕ್ಟರು ಮಧ್ಯಾಹ್ನದ ಹೊತ್ತು ಆ ವಾರ್ಡಿನ ಕಡೆ ಬರುವುದನ್ನು ಬಿಟ್ಟಿದ್ದ. ಆವತ್ತು ಮುದುಕನಿಗೆ ಮರುದಿನ ಹರ್ನಿಯಾ ಆಪರೇಷನ್ ಇದ್ದುದರಿಂದ ಬರಲೇಬೇಕಾಯಿತು. ನಾಡಿ ನೋಡಿದ, ಎದೆಗೆ ಸ್ಟೆತಸ್ಕೋಪು ಇಟ್ಟ, ಹಲ್ಲು ಅಲ್ಲಾಡುತ್ತವೆಯೇ ಎಂದು ಕೇಳಿದ.

"ಇದ್ರೆ ತಾನೇ ಅಲ್ಲಾಡೋದು," ಎಂದು ಮುದುಕ ಬೊಚ್ಚುಬಾಯಿ ತೆರೆದು ತೋರಿಸಿದ. ಆಮೇಲೆ ಕಿಟಕಿಯ ಕಡೆಗೆ ಕಣ್ಣು ಹಾಯಿಸಿ, "ಡಾಕ್ಟ್ರೇ, ಒಂದು ಮಾತು. ಆ ಊಟ ಯಾರ್ದು?" ಎಂದ.

ಮುಚ್ಚಿದ ತಟ್ಟೆಯ ಅಂಚಿನಿಂದ ಸೂಪಿನ ಹಬೆ ಬಂದು ಕಿಟಕಿಯ ಗಾಜು ಅಂಗೈಯಗಲ ಮಂಜಾಗಿತ್ತು.

"ಅದೊಂದು ತಪ್ಪು," ಎಂದ ನಿದ್ದೆ ಡಾಕ್ಟರು. "ಕಂಪ್ಯೂಟರಿನ ತಪ್ಪು."

"ಇರ್ಬಹುದು," ಎಂದ ಮುದುಕ. "ಊಟ ಆದ್ಮೇಲೆ ನಂಗೆ ಸ್ವಲ್ಪ ಕಣ್ಣು ಹತ್ತತ್ತೆ ನೋಡಿ. ಆಗ ಹಾಸಿಗೆ ತುದೀಲಿ ಯಾರೋ ಕೂತ ಹಾಗೆ ಆಗತ್ತೆ. ಭಾರ ಏನಿಲ್ಲ. ಆದ್ರೂ ಕಾಲು ಮಡಚ್ಕೊಂಡು ಜಾಗ ಕೊಡ್ಬೇಕು ಅನ್ಸತ್ತೆ."

"ನಿಮ್ಮ ಕಾಲಿಗೆ ಅಭ್ಯಾಸ ತಾತ, ಬಸ್ಸಲ್ಲಿ ಓಡಾಡಿ ಓಡಾಡಿ," ಎಂದು ದೊಡ್ಡ ಸಿಸ್ಟರ್ ನಕ್ಕಳು. ನಗುತ್ತಲೇ ಡಾಕ್ಟರ ಮುಖ ನೋಡಿದಳು. ಆ ನೋಟದಲ್ಲಿ ನಗು ಇರಲಿಲ್ಲ. "ಒಂದು ಪುಟ ಸಾರ್," ಎಂದಳು ಮೆಲ್ಲಗೆ. "ಬರೆದು ಬಿಡಿ ಸಾರ್. ನಮ್ಮ ಹುಡುಗೀರು ಮಧ್ಯಾಹ್ನದ ಡ್ಯೂಟಿ ಅಂದ್ರೆ ಹಿಂದೆಮುಂದೆ ನೋಡ್ತಿದ್ದಾರೆ."

"ಬರೀತೀನಿ."

"ನೀವು ಹೋದ ವಾರಾನೂ ಹಾಗೇ ಅಂದಿದ್ರಿ."

ಅವನು ಮೆಟ್ಟಿಲು ಇಳಿದ.

ದಾಖಲೆಗಳ ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಫೈಲು ಮುಗಿದರೆ ಕಪಾಟಿನಲ್ಲಿ ನಿಲ್ಲಿಸುತ್ತಿದ್ದರು; ಮುಗಿಯದಿದ್ದರೆ ಬಾಗಿಲ ಪಕ್ಕದ ಮೇಜಿನ ಮೇಲೆ ಮಲಗಿಸುತ್ತಿದ್ದರು. ಹಿಂದೆ ಆ ಮೇಜಿನ ಮೇಲೆ ಫೈಲುಗಳು ಆಳೆತ್ತರ ಪೇರಿಕೊಂಡಿರುತ್ತಿದ್ದವು. ಈಗ ಮೇಜು ಬೋಳು. ನಡುವೆ ಒಂದೇ ಒಂದು ಫೈಲು ಅಂಗಾತ ಮಲಗಿತ್ತು. ಕೋಣೆಯ ಯಜಮಾನಿಗೆ ಎಲ್ಲರೂ ಇಟ್ಟ ಹೆಸರು ಫೈಲಮ್ಮ. ಆ ಹೆಸರು ತನಗೆ ಗೊತ್ತೇ ಇಲ್ಲ ಎಂಬಂತೆ ಇರುತ್ತಿದ್ದಳು, ಆದರೆ ಯಾರಾದರೂ ಹಾಗೆ ಕರೆದರೆ ತಿರುಗಿ ನೋಡುತ್ತಿದ್ದಳು.

"ಬನ್ನಿ ಸಾರ್, ಬನ್ನಿ," ಎಂದಳು ಫೈಲಮ್ಮ. "ನಿಮ್ಮವನು ಇನ್ನೂ ಮಲಗೇ ಇದ್ದಾನೆ. ಎಬ್ಬಿಸೋರು ನೀವೇ ಅಲ್ವಾ?"

ಹೇಳಿ ಆದಮೇಲೆ ಅವಳಿಗೆ ತಾನು ಏನು ಹೇಳಿದೆನೆಂದು ಹೊಳೆದಿರಬೇಕು. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದಳು.

"ಇವನ ತಾಯಿ ಮತ್ತೆ ಬಂದಿದ್ರು ಸಾರ್," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಮಗಳಿಗೆ ಕುತ್ತಿಗೇಲಿ ಗಂಟಂತೆ. ಬೇರೆ ಊರಿನ ಆಸ್ಪತ್ರೇಲಿ ಆಪರೇಷನ್ ಹೇಳಿದ್ದಾರಂತೆ. ಅಣ್ಣ ಹೇಗೆ ಹೋದ ಅಂತ ಅಲ್ಲಿಯವರು ಕೇಳ್ತಾರೆ, ಕಾಗದ ಕೊಡಿ ಅಂತಾರೆ. ನಾನು ಎಲ್ಲಿಂದ ತಂದು ಕೊಡ್ಲಿ?"

"ಆಪರೇಷನ್ ಯಾವಾಗ?"

"ದಿನ ಇನ್ನೂ ಗೊತ್ತು ಮಾಡಿಲ್ಲ ಅಂದ್ರು."

ದಿನ ಗೊತ್ತು ಮಾಡಿಲ್ಲವೆಂದರೆ ಹೊತ್ತಿದೆ. ಅಲ್ಲದೆ ಅಲ್ಲಿಯೂ ಅರಿವಳಿಕೆಯವರು ಇರುತ್ತಾರೆ. ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಅವರು ಕೇಳಿಯೇ ಕೇಳುತ್ತಾರೆ. ಕೇಳಿದರೆ ತಾಯಿ ಹೇಳುತ್ತಾಳೆ. ಹೀಗೆ ಅವನು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡು ಫೈಲು ಎತ್ತಿಕೊಂಡ.

ಮೂಲೆಯ ಕುರ್ಚಿಯಲ್ಲಿ ಕೂತು ಪುಟ ತೆರೆದ. ಅವನ ಪುಟ ಖಾಲಿಯೇನೂ ಇರಲಿಲ್ಲ. ಯಾವ ಔಷಧಿ ಎಷ್ಟು ಕೊಟ್ಟ, ರಕ್ತದೊತ್ತಡ ಎಷ್ಟಿತ್ತು, ಎಲ್ಲವನ್ನೂ ಆವತ್ತೇ ಬರೆದಿದ್ದ. ಕೊನೆಯ ಎರಡು ಜಾಗ ಮಾತ್ರ ಬಿಟ್ಟಿದ್ದ. ಒಂದು, ಅವನ ಅಭಿಪ್ರಾಯ. ಇನ್ನೊಂದು, ರೋಗಿಗೆ ಎಚ್ಚರವಾದ ವಿವರ.

ಆ ಯುವಕ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಏಣಿಯಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದ. ಮೂಳೆ ಕೂಡಿಸುವ ಸಣ್ಣ ಆಪರೇಷನ್. ಉಗುರುಗಳ ಸಂದಿಯಲ್ಲಿ ನೀಲಿ ಬಣ್ಣ ಉಳಿದಿತ್ತು. ಸ್ಟ್ರೆಚರಿನ ಮೇಲೆ ಮಲಗಿ ಒಳಗೆ ಬರುವಾಗ ಆಪರೇಷನ್ ಥಿಯೇಟರಿನ ಬಾಗಿಲ ಮೇಲಿನ ಬೋರ್ಡನ್ನೇ ಕತ್ತು ತಿರುಗಿಸಿ ನೋಡಿದ್ದ.

"ಇದ್ಯಾರು ಸಾರ್ ಬರೆದಿದ್ದು? ಅಕ್ಷರ ಎಲ್ಲ ಕುಡಿದು ವಾಲಾಡೋ ಹಾಗಿದೆ."

"ಯಾಕಪ್ಪಾ, ಓದಕ್ಕೆ ಬರತ್ತಲ್ಲ?"

"ಓದಕ್ಕೆ ಬರತ್ತೆ, ಧೈರ್ಯ ಬರಲ್ಲ," ಎಂದು ನಕ್ಕಿದ್ದ. "ಕೈ ಸರಿಯಾಗ್ಲಿ ಸಾರ್, ನಾನೇ ಬಂದು ಬರೆದು ಕೊಡ್ತೀನಿ. ಎಬ್ಬಿಸೋದು ಮಾತ್ರ ಮರೀಬೇಡಿ."

ಮುಖವಾಡ ಇಟ್ಟು ಗಾಳಿ ಬಿಟ್ಟ ಸ್ವಲ್ಪ ಹೊತ್ತಿಗೆ ಅವನ ದವಡೆ ಕಲ್ಲಿನಂತೆ ಬಿಗಿದುಕೊಂಡಿತು. ಆಮೇಲೆ ತೋಳು, ಕಾಲು. ಮೈ ಕಾವು ಏರಿತು, ಏರುತ್ತಲೇ ಹೋಯಿತು. ಲಕ್ಷದಲ್ಲಿ ಒಬ್ಬರಿಗೋ ಏನೋ ಹೀಗಾಗುತ್ತದೆ. ಅರಿವಳಿಕೆಯ ಗಾಳಿ ಕೆಲವರ ಸ್ನಾಯುಗಳಿಗೆ ಬೆಂಕಿ ಹಚ್ಚಿದ ಹಾಗೆ ಮಾಡುತ್ತದೆ. ಅದು ರಕ್ತದಲ್ಲೇ ಬರುವ ಗುಣ. ಪುಸ್ತಕದಲ್ಲಿ ಓದಿದ್ದನ್ನು ನಿದ್ದೆ ಡಾಕ್ಟರು ಕಣ್ಣೆದುರು ಕಂಡದ್ದು ಅದೇ ಮೊದಲು. ಕಂಡ ಕೂಡಲೇ ಗುರುತು ಹಿಡಿದ. ಗಾಳಿ ನಿಲ್ಲಿಸಿದ, ಮಂಜುಗಡ್ಡೆ ತರಿಸಿದ, ಇದ್ದ ಮದ್ದನ್ನೆಲ್ಲ ಕೊಟ್ಟ, ಇನ್ನಷ್ಟು ಬೇಕೆಂದು ಬೇರೆ ಆಸ್ಪತ್ರೆಗಳಿಗೆ ಜನ ಓಡಿಸಿದ. ಯಾವುದೂ ಸಾಲಲಿಲ್ಲ. ಯಾರೂ ಅವನನ್ನು ದೂರಲಿಲ್ಲ. ವಿಚಾರಣೆಯವರು ಕೂಡ ಅವನು ಮಾಡಿದ್ದೆಲ್ಲ ಸರಿ ಎಂದರು. ಯಾರಾದರೂ ದೂರಿದ್ದರೆ ಎದುರು ನಿಂತು ಉತ್ತರ ಕೊಡಬಹುದಿತ್ತು ಎಂದು ಅವನಿಗೆ ಆಗಾಗ ಅನಿಸುತ್ತಿತ್ತು.

ಆವತ್ತು ಹೊರಗೆ ಬಂದು ಆ ತಾಯಿಗೆ ಹೇಳಿದ್ದ: "ಕೊಟ್ಟಿದ್ದು ಅವನ ಮೈಗೆ ಒಗ್ಗಲಿಲ್ಲಮ್ಮ. ಎಲ್ಲ ಬರೆದು ಕೊಡ್ತೀನಿ. ಆ ಕಾಗದ ಮನೆಯವರಿಗೆಲ್ಲ ಬೇಕಾಗತ್ತೆ, ಜೋಪಾನವಾಗಿ ಇಟ್ಕೊಳ್ಳಿ." ಆಕೆ ಅವನ ಬಾಯಿಯನ್ನೇ ನೋಡುತ್ತಿದ್ದಳು. ಎಷ್ಟು ಕೇಳಿಸಿತೋ.

ಅಭಿಪ್ರಾಯ ಬರೆಯುವುದು ಕಷ್ಟವಿರಲಿಲ್ಲ. ಪೆನ್ನು ನಿಲ್ಲುತ್ತಿದ್ದದ್ದು ಕೆಳಗಿನ ಸಾಲಿನಲ್ಲಿ. ಅವನಿಗೆ ಕೆಲಸ ಕಲಿಸಿದ ಗುರುಗಳು ಒಂದು ರೂಢಿ ಇಟ್ಟುಕೊಂಡಿದ್ದರು; ಅದು ಅವನಿಗೂ ಬಂದಿತ್ತು. ಆಪರೇಷನ್ ಮುಗಿದ ಮೇಲೆ ರೋಗಿಯ ಕಿವಿಯ ಹತ್ತಿರ ಬಗ್ಗಿ, "ಹೆಸರು ಹೇಳಿ," ಎನ್ನಬೇಕು. ಅವರು ತೊದಲುತ್ತಲೋ ಬೈಯುತ್ತಲೋ ತಮ್ಮ ಹೆಸರು ಹೇಳಬೇಕು. ಆಮೇಲೆಯೇ ಕೊನೆಯ ಸಾಲು: ಎಚ್ಚರವಾಯಿತು, ಹೆಸರು ಹೇಳಿದರು. ಅದರ ಕೆಳಗೆ ಸಹಿ. ಹೆಸರು ಕೇಳದೆ ಅವನು ಯಾವ ಪುಟಕ್ಕೂ ಸಹಿ ಹಾಕಿದವನಲ್ಲ. ಬೇರೆಯವರು ಮೊದಲೇ ಸಹಿ ಮಾಡಿ ಚಹಾಕ್ಕೆ ಹೋಗುವಾಗ ಅವನು ಗೋಡೆಗೆ ಒರಗಿ ಕಾಯುತ್ತಿದ್ದ.

ಈ ಪುಟದ ಮುಂದೆಯೂ ಅವನು ಕಾಯುತ್ತಿದ್ದ. ಏನನ್ನು ಎಂದು ಕೇಳಿದ್ದರೆ ಹೇಳಲು ಅವನಿಗೇ ನಾಚಿಕೆಯಾಗುತ್ತಿತ್ತು.

ಪೆನ್ನಿನ ಮುಚ್ಚಳ ತೆರೆದ. ಹಾಕಿದ. ಫೈಲನ್ನು ಮತ್ತೆ ಮೇಜಿನ ಮೇಲೆ ಮಲಗಿಸಿ ಎದ್ದ.

"ಆಯ್ತಾ ಸಾರ್?" ಎಂದಳು ಫೈಲಮ್ಮ.

"ನಾಳೆ."

"ನಾಳೆ ಅನ್ನೋ ಮಾತನ್ನ ಈ ಮೇಜು ಎಷ್ಟೋ ಸಲ ಕೇಳಿದೆ ಸಾರ್," ಎಂದು ಅವಳು ಬೆನ್ನಿಗೆ ಹೇಳಿದಳು.

ಮನೆಯಲ್ಲಿಯೂ ಈ ರೂಢಿ ಅವನನ್ನು ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಹೆಂಡತಿ ಕಣ್ಣು ಬಿಟ್ಟಾಗ ಅವನು ಅವಳ ಮುಖದ ಮೇಲೆ ಬಗ್ಗಿಕೊಂಡಿದ್ದ.

"ಅಯ್ಯೋ, ಏನ್ರೀ ಇದು!" ಎಂದು ಅವಳು ಬೆಚ್ಚಿ ಎದ್ದು ಕೂತಳು. "ಒಂದಿನ ಎದೆ ಒಡ್ಕೊಂಡು ಸಾಯ್ತೀನಿ ನಾನು. ಹೀಗೆ ಯಾರಾದ್ರೂ ನೋಡ್ತಾರಾ?"

"ಏನಿಲ್ಲ. ಎದ್ದೆಯಾ ಅಂತ."

"ಎದ್ದೆ. ಹೆಸರೂ ಹೇಳ್ಬೇಕಾ? ಕಟ್ಕೊಂಡೋರಿಗೆ ನೆನಪಿರ್ಬೇಕಲ್ಲ."

ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ. ಒಲೆಯ ಮುಂದೆ ನಿಂತು, ಹಾಲು ಉಕ್ಕದಂತೆ ನೋಡಿಕೊಳ್ಳುತ್ತಾ, ಅವನ ಕಡೆ ತಿರುಗದೆ ಹೇಳಿದಳು. "ನೀವು ನಿದ್ದೇಲಿ ಮಾತಾಡ್ತೀರಿ ಗೊತ್ತಾ? ಎಚ್ಚರ ಇದ್ದಾಗ ಒಂದು ಮಾತಿಲ್ಲ, ನಿದ್ದೇಲಿ ಮಾತ್ರ 'ಹೆಸರು ಹೇಳಪ್ಪಾ, ಹೆಸರು ಹೇಳಪ್ಪಾ' ಅಂತ. ಆಮೇಲೆ ಸುಮ್ಮನಾಗ್ತೀರಿ. ಉತ್ತರ ಕೇಳಿಸ್ಕೊಳ್ಳೋರ ಹಾಗೆ."

"ಉತ್ತರ ಬರತ್ತಾ?"

"ನಿಮಗೇ ಗೊತ್ತಿರ್ಬೇಕು," ಎಂದಳು. ಲೋಟ ಅವನ ಮುಂದೆ ಇಟ್ಟು ಪಕ್ಕದಲ್ಲಿ ಕೂತಳು. "ಏನ್ರೀ ಬಾಕಿ ಇರೋದು? ಮುಗಿಸಿ ಬಿಡಿ ಅದನ್ನ. ಆ ಹುಡುಗನ ಮನೆಯವರು ಅಲ್ಲಿ ಹಾಗೇ ಇರ್ತಾರೆ, ಇಲ್ಲಿ ನೀವು ಹೀಗೆ."

ಆವತ್ತು ಮುದುಕನ ಹರ್ನಿಯಾ ಸಲೀಸಾಗಿ ಮುಗಿಯಿತು. ಕಿವಿಯ ಹತ್ತಿರ ಬಗ್ಗಿ ಹೆಸರು ಕೇಳಿದಾಗ ಅವನು ತನ್ನ ಹೆಸರು, ತಂದೆಯ ಹೆಸರು, ಊರು, ಕೇಳದೇ ಇದ್ದರೂ ಮೂವರು ಅಳಿಯಂದಿರ ಹೆಸರು ಎಲ್ಲ ಹೇಳಿದ. ನಿದ್ದೆ ಡಾಕ್ಟರು ಸಹಿ ಹಾಕಿದ. ಸ್ಟ್ರೆಚರಿನ ಜೊತೆಗೆ ತಾನೂ ವಾರ್ಡಿನವರೆಗೆ ನಡೆದ. ಗಾಡಿ ಆಗಲೇ ಬಂದು ಹೋಗಿತ್ತು.

ಕಿಟಕಿಯ ಕಟ್ಟೆಯ ಹತ್ತಿರ ಸ್ಟೂಲಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕುತ್ತಿಗೆಗೆ ಅಳತೆ ಟೇಪು ಹಾಗೆಯೇ ನೇತಾಡುತ್ತಿತ್ತು. ಹೊಲಿಗೆಯ ಕೆಲಸದ ನಡುವೆಯೇ ಎದ್ದು ಬಂದ ಹಾಗಿತ್ತು. ತಟ್ಟೆಯ ಮುಚ್ಚಳ ತೆಗೆದು ಪಕ್ಕಕ್ಕೆ ಇಟ್ಟಿದ್ದಳು. ಬ್ರೆಡ್ಡು, ಬೇಯಿಸಿದ ತರಕಾರಿ, ಸೂಪು, ಒಂದು ಬಾಳೆಹಣ್ಣು. ಏನನ್ನೂ ಮುಟ್ಟಿರಲಿಲ್ಲ. ಚೀಟಿಯ ಮೂಲೆ ಸುರುಳಿ ಸುತ್ತಿಕೊಂಡದ್ದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸುತ್ತಿದ್ದಳು. ಅವನಿಗೆ ಮುಖ ನೋಡುವ ಮೊದಲೇ ಯಾರೆಂದು ತಿಳಿಯಿತು.

"ಎಷ್ಟು ಸಲ ಬಂದಿದ್ದಾರೋ ಸಾರ್," ಎಂದಳು ದೊಡ್ಡ ಸಿಸ್ಟರ್ ಅವನ ಕಿವಿಯಲ್ಲಿ. "ಕೆಳಗೆ ಕಾಗದ ಕೇಳೋದು, ಇಲ್ಲ ಅಂದ್ರೆ ಮೇಲೆ ಬಂದು ಇಲ್ಲಿ ಕೂರೋದು. ಬೇಡ ಅನ್ನಕ್ಕೆ ನನಗೆ ಬಾಯಿ ಬರಲ್ಲ."

ತಾಯಿ ಅವನನ್ನು ನೋಡಿ ಏಳಹೋದಳು. ಅವನು ಬೇಡವೆಂದು ಕೈ ಮಾಡಿದ.

"ಉಪ್ಪು ಕಮ್ಮಿ ಹಾಕ್ತಾರೆ ಇಲ್ಲಿ," ಎಂದಳು, ಯಾವಾಗಲೂ ಮಾತಾಡುತ್ತಿದ್ದವನ ಜೊತೆ ಮಾತು ಮುಂದುವರಿಸಿದಂತೆ. "ಅವನಿಗೆ ಆಗಲ್ಲ. ಬಾಯಿ ಬಿಟ್ಟು ಅನ್ನೋನೇ ಅಲ್ಲ ಅವನು, ಸುಮ್ಮನೆ ಹಾಗೇ ಬಿಟ್ಟು ಎದ್ದು ಬಿಡೋನು. ಬಾಳೆಹಣ್ಣು ಒಂದು ತಿಂತಿದ್ದ."

ಸ್ಟ್ರೆಚರಿನಿಂದ ಹಾಸಿಗೆಗೆ ಇಳಿಸಿದ ಮುದುಕ ಮಂಪರಿನಲ್ಲೇ ಕಾಲು ಮಡಚಿಕೊಂಡ.

"ಕಾಗದ ಇನ್ನು ಬೇಡ ಡಾಕ್ಟ್ರೇ," ಎಂದಳು ಆಕೆ. "ಅದನ್ನೇ ಹೇಳಿ ಹೋಗೋಣ ಅಂತ ಬಂದೆ. ಸುಮ್ಮನೆ ನಿಮಗೂ ತೊಂದರೆ."

"ಯಾಕೆ? ಏನಾಯ್ತು?"

"ನಾಳೆ ಬೆಳಿಗ್ಗೇನೇ ಆಪರೇಷನ್ ಇಟ್ಟುಬಿಟ್ರು. ನನ್ನ ಮಗಳು ಆಗಲೇ ಅಲ್ಲಿ ಅಡ್ಮಿಟ್ ಆಗಿದ್ದಾಳೆ, ನಮ್ಮ ತಂಗಿ ಜೊತೆಗಿದ್ದಾಳೆ. ಅಲ್ಲಿಯ ಡಾಕ್ಟ್ರು ಒಳ್ಳೆಯೋರು. ಅಣ್ಣಂಗೆ ಏನಾಗಿತ್ತು ಅಂತ ಕೇಳಿದ್ರು. ಔಷಧಿ ಒಗ್ಗಲಿಲ್ಲ ಅಂತ ಹೇಳಿದೆ, ನೀವು ಹೇಳಿದ್ರಲ್ಲ. ಸರಿ, ಆಂಟಿಬಯಾಟಿಕ್ಕು ಒಗ್ಗಿರಲಿಕ್ಕಿಲ್ಲ, ಬೇರೆ ಕೊಡ್ತೀವಿ, ಸೂಜಿ ಚುಚ್ಚಿ ಮೊದಲೇ ನೋಡ್ತೀವಿ, ತಲೆ ಕೆಡಿಸ್ಕೋಬೇಡಿ ಅಂದ್ರು."

ಕೇಳಿಯೇ ಕೇಳುತ್ತಾರೆ ಎಂದು ನಿದ್ದೆ ಡಾಕ್ಟರು ಅಂದುಕೊಂಡಿದ್ದ. ಕೇಳಿದ್ದರು. ತಾಯಿ ಹೇಳುತ್ತಾಳೆ ಎಂದುಕೊಂಡಿದ್ದ. ಹೇಳಿದ್ದಳು. ಅವನು ಬರೆಯದೆ ಬಿಟ್ಟ ಜಾಗದಲ್ಲಿ ಬೇರೆ ಯಾರೋ ಬೇರೆ ಏನನ್ನೋ ಬರೆದುಕೊಂಡಿದ್ದರು.

"ಅದಲ್ಲಮ್ಮ," ಎಂದ. "ಆಂಟಿಬಯಾಟಿಕ್ ಅಲ್ಲ. ನಿದ್ದೆ ಬರಿಸೋ ಗಾಳಿ. ನಾನು ಕೊಟ್ಟಿದ್ದು. ಅದು ರಕ್ತದಲ್ಲಿ ಬರೋದು. ಅವನಿಗಿದ್ರೆ ನಿಮ್ಮ ಮಗಳಿಗೂ ಇರ್ಬಹುದು. ಅದೇ ಗಾಳಿ ಅವಳಿಗೆ ಕೊಟ್ರೆ..."

ಮಾತು ಮುಗಿಸಲಿಲ್ಲ. ಬೇಕಾಗಲಿಲ್ಲ. ಆಕೆಯ ಕೈ ಚೀಟಿಯ ಮೇಲೆ ಹಾಗೇ ನಿಂತಿತು.

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

ಕೂಗಲಿಲ್ಲ, ಅಳಲಿಲ್ಲ. ಬಟ್ಟೆಯ ಅಳತೆ ಕೇಳುವ ದನಿಯಲ್ಲಿ ಕೇಳಿದಳು. ಈ ಪ್ರಶ್ನೆಗೆ ಅವನು ಎಷ್ಟೋ ದಿನದಿಂದ ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡಿದ್ದ. ಈಗ ಬಾಯಿಗೆ ಬಂದದ್ದು ಅವುಗಳಲ್ಲಿ ಯಾವುದೂ ಅಲ್ಲ.

"ಬರೆದ್ರೆ ಮುಗಿದು ಹೋಗತ್ತೆ ಅನ್ಸ್ತಿತ್ತು," ಎಂದ. "ಬನ್ನಿ. ಈಗಲೇ ಬರೀತೀನಿ. ಫೋನೂ ಮಾಡ್ತೀನಿ."

ಆಕೆ ಏಳಲಿಲ್ಲ. ತಟ್ಟೆಯ ಮುಚ್ಚಳ ಎತ್ತಿಕೊಂಡು, ಅದರ ಒಳಗಿನ ನೀರ ಹನಿಗಳನ್ನು ನೋಡುತ್ತಾ ಕೂತಳು.

"ಬರೆದ್ರೆ ಈ ಊಟ ನಿಲ್ಲತ್ತಾ?"

"ನಿಲ್ಲತ್ತೆ."

"ನಾಳೆಯಿಂದಾನೇ?"

"ನಾಳೆಯಿಂದಾನೇ."

ದೊಡ್ಡ ಸಿಸ್ಟರ್ ಯಾವುದೋ ಹಾಸಿಗೆಯ ಹೊದಿಕೆ ಸರಿಮಾಡಲು ಆಚೆ ಹೋದಳು. ತಾಯಿ ಬಾಳೆಹಣ್ಣನ್ನು ಎತ್ತಿಕೊಂಡು ಚೀಲದೊಳಗೆ ಹಾಕಿಕೊಂಡಳು. ಮುಚ್ಚಳವನ್ನು ತಟ್ಟೆಯ ಮೇಲೆ ಮುಚ್ಚಿ, ಸದ್ದಾಗದಂತೆ ಎರಡೂ ಕೈಯಿಂದ ಒತ್ತಿದಳು.

"ನಡೀರಿ," ಎಂದಳು. "ಮಗಳಿದ್ದಾಳೆ."

ನೆಲಮಾಳಿಗೆಯಲ್ಲಿ ಫೈಲಮ್ಮ ಇಬ್ಬರನ್ನೂ ಒಟ್ಟಿಗೆ ನೋಡಿ ಎದ್ದು ನಿಂತಳು. ಇನ್ನೊಂದು ಕುರ್ಚಿ ಎಳೆದುಕೊಟ್ಟಳು. ಫೋನು ಅವನ ಕಡೆಗೆ ತಳ್ಳಿದಳು.

ಬೇರೆ ಊರಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವಳು ಒಬ್ಬ ಹೆಂಗಸು. ಥಿಯೇಟರಿನಲ್ಲಿದ್ದವಳು ಹೊರಗೆ ಬಂದು ಫೋನು ಹಿಡಿಯುವವರೆಗೆ ಅವನು ರಿಸೀವರನ್ನು ಕಿವಿಗೆ ಒತ್ತಿಕೊಂಡು ಕಾದ. ಆಮೇಲೆ ಎಲ್ಲವನ್ನೂ ಹೇಳಿದ. ದವಡೆ ಬಿಗಿದದ್ದು, ಮೈ ಕಾವು ಏರಿದ್ದು, ಯಾವ ಗಾಳಿ, ಯಾವ ಮದ್ದು.

"ನಾಳೆ ನಾವು ಅದೇ ಗ್ಯಾಸ್ ಕೊಡೋರಿದ್ವಿ ಸಾರ್," ಎಂದಳು ಆ ಕಡೆಯವಳು. "ಇದು ಎಲ್ಲೂ ಬರೆದಿರಲಿಲ್ಲವಲ್ಲ?"

"ಈಗ ಬರೀತಿದ್ದೀನಿ. ಇನ್ನು ಸ್ವಲ್ಪ ಹೊತ್ತಲ್ಲಿ ಕಳಿಸ್ತೀನಿ."

"ಕಳಿಸಿ. ಗ್ಯಾಸ್ ಇಲ್ಲದೆ, ನರಕ್ಕೇ ಔಷಧಿ ಕೊಟ್ಟು ಮಾಡ್ತೀವಿ. ಮಷೀನ್ ಪೂರ್ತಿ ಶುದ್ಧ ಮಾಡಿಸ್ತೀನಿ. ಮದ್ದೂ ತರಿಸಿ ಪಕ್ಕದಲ್ಲೇ ಇಟ್ಕೊಳ್ತೀನಿ."

ಫೋನು ಇಟ್ಟು ಪೆನ್ನು ತೆಗೆದ. ಅಭಿಪ್ರಾಯದ ಜಾಗ ಒಂದೇ ಉಸಿರಿಗೆ ತುಂಬಿತು. ಒಡಹುಟ್ಟಿದವರಿಗೂ ಹತ್ತಿರದ ರಕ್ತಸಂಬಂಧಿಗಳಿಗೂ ಈ ಗಾಳಿ ಕೊಡಕೂಡದು ಎಂದು ದಪ್ಪಕ್ಷರದಲ್ಲಿ ಬರೆದ. ಕೆಳಗಿನ ಸಾಲಿಗೆ ಬಂದಾಗ ಕೈ ಮತ್ತೆ ನಿಂತಿತು.

ಫೈಲಮ್ಮ ಮೇಜಿನ ಆಚೆಯಿಂದ ನೋಡುತ್ತಿದ್ದಳು. "ಎಚ್ಚರವಾಗಲಿಲ್ಲ ಅಂತ ಬರೆದ್ರೆ ಸಾಕು ಸಾರ್," ಎಂದಳು, ಯಾವತ್ತೂ ಇಲ್ಲದಷ್ಟು ಮೆತ್ತಗೆ. "ಕಂಪ್ಯೂಟರ್ ತಗೊಳ್ಳತ್ತೆ."

ಅವನು ತಾಯಿಯ ಕಡೆ ತಿರುಗಿದ. ಏನು ಮಾಡುತ್ತಿದ್ದೇನೆಂದು ಅವನಿಗೇ ಸರಿಯಾಗಿ ತಿಳಿದಿರಲಿಲ್ಲ. ರೋಗಿಗಳ ಕಿವಿಯ ಹತ್ತಿರ ಬಗ್ಗುವಂತೆ ಸ್ವಲ್ಪ ಮುಂದಕ್ಕೆ ಬಗ್ಗಿದ.

"ಹೆಸರು ಹೇಳಿ," ಎಂದ.

ಆಕೆಗೆ ಅವನ ರೂಢಿ ಗೊತ್ತಿರಲಿಲ್ಲ. ಆಸ್ಪತ್ರೆಯವರು ಯಾವಾಗಲೂ ಕೇಳುವ ಹಾಗೆ ಕೇಳುತ್ತಿದ್ದಾರೆ ಎಂದುಕೊಂಡಳೋ ಏನೋ. ಬೆನ್ನು ನೆಟ್ಟಗೆ ಮಾಡಿಕೊಂಡು, ಶಾಲೆಗೆ ಸೇರಿಸುವ ದಿನ ಹೇಳುವಂತೆ, ಮಗನ ಹೆಸರು, ಅದರ ಹಿಂದೆ ಅವನ ತಂದೆಯ ಹೆಸರು, ಬಿಡಿಬಿಡಿಯಾಗಿ, ಎಲ್ಲೂ ತಪ್ಪಾಗದಂತೆ ಹೇಳಿದಳು. ಹೇಳಿ ಮುಗಿಸಿ ಅವನ ಪೆನ್ನಿನ ಕಡೆ ನೋಡಿದಳು.

ಅವನು ಬರೆದ: ಎಚ್ಚರವಾಗಲಿಲ್ಲ. ಹೆಸರು ತಾಯಿ ಹೇಳಿದರು.

ಸಹಿ ಹಾಕಿದ. ಫೈಲಮ್ಮ ಒಂದು ಪ್ರತಿಯನ್ನು ಬೇರೆ ಊರಿಗೆ ಕಳಿಸಿ, ಇನ್ನೊಂದನ್ನು ಲಕೋಟೆಯಲ್ಲಿ ಹಾಕಿ ತಾಯಿಯ ಕೈಗೆ ಕೊಟ್ಟಳು. ಆಮೇಲೆ ಫೈಲು ಎತ್ತಿಕೊಂಡು ಕಪಾಟಿನ ಹತ್ತಿರ ಹೋದಳು. ಎರಡು ಫೈಲುಗಳ ನಡುವೆ ಬೆರಳು ತೂರಿಸಿ ಜಾಗ ಮಾಡಿ ಅದನ್ನು ನಿಲ್ಲಿಸಿದಳು. ಮೇಜು ಪೂರ್ತಿ ಬೋಳಾಯಿತು. ಎಷ್ಟೋ ವರ್ಷಗಳಿಂದ ಅವಳು ಬಯಸುತ್ತಿದ್ದದ್ದು ಅದನ್ನೇ. ಆದರೂ ಅವಳು ಅಲ್ಲಿ ನಿಂತು ಮೇಜಿನ ಧೂಳನ್ನು ಅಂಗೈಯಿಂದ ಒರೆಸಿದಳು, ಮತ್ತೆ ಒರೆಸಿದಳು.

ತಾಯಿ ಆ ಸಂಜೆಯ ಬಸ್ಸು ಹಿಡಿದು ಮಗಳ ಹತ್ತಿರ ಹೋದಳು.

ಮರುದಿನ ಬೆಳಗಿನಿಂದ ನಿದ್ದೆ ಡಾಕ್ಟರಿಗೆ ಕೈಯಲ್ಲಿ ಕೆಲಸವಿದ್ದರೂ ಕಿವಿಯೆಲ್ಲ ಫೋನಿನ ಕಡೆ. ಥಿಯೇಟರಿನ ಬಾಗಿಲು ದಾಟುವಾಗಲೆಲ್ಲ ತಲೆಯ ಮೇಲೆ ವಾಲಿದ ಅಕ್ಷರಗಳು. ಬೋರ್ಡು ಬದಲಾಯಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಅವನಿಗೆ ತೋಚಿದ್ದರೂ ಹೇಳಿರಲಿಲ್ಲ. ಮಧ್ಯಾಹ್ನ, ಕರೆಯುವವರು ಯಾರೂ ಇಲ್ಲದಿದ್ದರೂ, ಮೂರನೇ ಮಹಡಿಗೆ ಹೋದ.

ಗಾಡಿ ಕಿರುಗುಟ್ಟುತ್ತಾ ಬಂತು. ಅಡುಗೆಮನೆಯ ಹೆಂಗಸು ಹೆಸರು ಕೂಗುತ್ತಾ ಬಂದು, ಕಿಟಕಿ ಪಕ್ಕದ ಹಾಸಿಗೆಯ ಹತ್ತಿರ ಮುದುಕನ ಗಂಜಿ ಇಳಿಸಿದಳು. ಇನ್ನೊಂದು ತಟ್ಟೆಗೆಂದು ಅಭ್ಯಾಸಬಲದಿಂದ ಗಾಡಿಯೊಳಗೆ ಕೈ ಹಾಕಿದಳು. ಕೈಗೆ ಏನೂ ಸಿಗಲಿಲ್ಲ. ಚೀಟಿಗಳನ್ನು ಮತ್ತೊಮ್ಮೆ ಎಣಿಸಿ, ದೊಡ್ಡ ಸಿಸ್ಟರ ಮುಖ ನೋಡಿದಳು. ದೊಡ್ಡ ಸಿಸ್ಟರ್ ಬರೀ ತಲೆಯಾಡಿಸಿದಳು. ಕಟ್ಟೆಯ ಮೇಲೆ ತಟ್ಟೆ ಇಡುತ್ತಿದ್ದ ಜಾಗದಲ್ಲಿ ಬಣ್ಣ ಮಾಸಿ ಒಂದು ಚೌಕ ಉಳಿದಿತ್ತು. ಗಾಜು ಸ್ವಚ್ಛವಾಗಿತ್ತು. ಮುದುಕ ಕಾಲು ಉದ್ದಕ್ಕೆ ಚಾಚಿಕೊಂಡು ಗಂಜಿ ಕುಡಿಯುತ್ತಿದ್ದ.

ಜೇಬಿನಲ್ಲಿ ಫೋನು ಅದುರಿತು.

"ಮುಗೀತು ಸಾರ್," ಎಂದಳು ಬೇರೆ ಊರಿನವಳು. ದನಿಯಲ್ಲಿ ಬೆಳಗಿನಿಂದ ಬಿಗಿಹಿಡಿದದ್ದನ್ನು ಬಿಟ್ಟ ಸಡಿಲವಿತ್ತು. "ಎಲ್ಲ ಸರಿಯಾಗಿದೆ. ಕಾವು ಏರ್ಲಿಲ್ಲ, ಏನಿಲ್ಲ. ಗಂಟು ಪೂರ್ತಿ ತೆಗೆದಿದ್ದಾರೆ. ಈಗಷ್ಟೇ ಕಣ್ಣು ಬಿಡ್ತಿದ್ದಾಳೆ. ನಾನು ಪಕ್ಕದಲ್ಲೇ ಇದ್ದೀನಿ."

ಅವನು ಗೋಡೆಗೆ ಒರಗಿದ. "ಹೆಸರು ಕೇಳಿ," ಎಂದ. "ಒಂದ್ಸಲ ಹೆಸರು ಕೇಳಿ ನೋಡಿ."

ಆಕೆಗೆ ವಿಚಿತ್ರ ಅನಿಸಿರಬೇಕು. ಆದರೂ ಕೇಳಿದಳು. ಫೋನಿನಲ್ಲಿ ಅವನಿಗೆ ಕೇಳಿಸಿತು: "ಪುಟ್ಟಾ, ಹೆಸರು ಹೇಳಮ್ಮ. ನಿನ್ನ ಹೆಸರೇನು?" ಸ್ವಲ್ಪ ಹೊತ್ತು ಯಂತ್ರದ ಸದ್ದು. ಆಮೇಲೆ, ತುಂಬ ದೂರದಿಂದ, ಗಂಟಲು ಬಿದ್ದ ಒಂದು ಹೆಣ್ಣುದನಿ ತೊದಲುತ್ತಾ ತನ್ನ ಹೆಸರು ಹೇಳಿತು. ಅವನು ಕಣ್ಣು ಮುಚ್ಚಿಕೊಂಡ.

ಆ ದನಿ ಅಲ್ಲಿಗೇ ನಿಲ್ಲಲಿಲ್ಲ. ಇನ್ನೂ ಏನೋ ಕೇಳಿತು. ಬೇರೆ ಊರಿನವಳು ನಕ್ಕಳು.

"ಮಂಪರಲ್ಲಿ ಏನೇನೋ ಅಂತಾರೆ ಸಾರ್, ನಿಮಗೆ ಗೊತ್ತಲ್ಲ. 'ಅಣ್ಣನ ಊಟ ಆಯ್ತಾ' ಅಂತ ಕೇಳ್ತಿದ್ದಾಳೆ."

ಮಂಪರೇ ಇರಬೇಕು. ತಾಯಿ ಮನೆಯಲ್ಲಿ ತಟ್ಟೆಯ ವಿಷಯ ಹೇಳಿರಬಹುದು. ಹೇಳದೆಯೂ ಇರಬಹುದು. ಅವನು ಕಣ್ಣು ತೆರೆದು ಕಿಟಕಿಯ ಕಟ್ಟೆಯ ಕಡೆ ನೋಡಿದ. ಹಾಸಿಗೆಯ ಮೇಲೆ ಮುದುಕ ಗಂಜಿಯ ಬಟ್ಟಲು ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಆಗಲೇ ತೂಕಡಿಸುತ್ತಿದ್ದ. ಅವನ ಕಾಲು ಚಾಚಿದ್ದಲ್ಲೇ ಇತ್ತು.

"ಸಾರ್? ಲೈನಲ್ಲಿದ್ದೀರಾ?"

"ಇದ್ದೀನಿ," ಎಂದ ನಿದ್ದೆ ಡಾಕ್ಟರು. "ಆಯ್ತು ಅಂತ ಹೇಳಿ ಅವಳಿಗೆ. ಊಟ ಮಾಡಿ ಎದ್ದು ಹೋದ ಅಂತ ಹೇಳಿ."